ಕೆಂಪು ಬೋರ್ಡಿನ ಗೃಹಪ್ರವೇಶ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಇಡೀ ಜಿಲ್ಲೆಗೇ ಬುದ್ಧಿವಂತನಾದ ನಾನು ಆಗ ಕಾರ್ಖಾನೆಯ ಬೂದಿಯಿಂದ ಇಟ್ಟಿಗೆ ಮಾಡುವ ಕಡೆ ಮೇಸ್ತ್ರಿಯಾಗಿದ್ದೆ. ಒಂದು ದಿನ ಪರಿಸರ ಅಧಿಕಾರಿ ಕಪನಯ್ಯನವರು ಜೀಪಿನಿಂದ ಇಳಿದರು.

"ಬೂದಿ ಅಂದರೆ ಕಸ. ಇಟ್ಟಿಗೆ ಮಾಡಿದರೂ ಕಸವೇ. ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲ 'ಇದು ಕಸದ ಜಾಗ' ಅಂತ ಕೆಂಪು ಬೋರ್ಡು ಹಾಕು. ಇಲ್ಲದಿದ್ದರೆ ಬೀಗ ಜಡಿಸ್ತೀನಿ!"

ಬೋರ್ಡು ನೋಡಿದ ಮೇಲೆ ನಮ್ಮ ಇಟ್ಟಿಗೆ ಕೊಳ್ಳುವವರು ಯಾರು? ಕೆಲಸದವರೆಲ್ಲ ಬೀದಿಗೆ ಬೀಳುತ್ತಿದ್ದರು. ನಾನು ಕೈಮುಗಿದೆ.

"ಆಗಲಿ ಸಾರ್. ಒಂದು ಜಾಗವನ್ನೂ ಬಿಡೋದಿಲ್ಲ."

ಮೊದಲ ಬೋರ್ಡನ್ನು ಅವರ ಹೊಸ ಮನೆಯ ಗೇಟಿನಲ್ಲೇ ನೆಟ್ಟೆ. ಅಲ್ಲಿನ ಗೋಡೆಗಳೆಲ್ಲ ನಮ್ಮ ಇಟ್ಟಿಗೆಯವು. ನಾನು ನೆಟ್ಟ ದಿನವೇ ಗೃಹಪ್ರವೇಶ. ಮೊದಲು ಒಳಗೆ ಹೋಗಬೇಕಾದ ಹಸು ಬೋರ್ಡು ಓದಿ, ಮೂಗು ಮುರಿದು, ಹಿಂದಕ್ಕೆ ಹೊರಟಿತು.

"ಏಯ್, ಏನಯ್ಯಾ ಇದು? ಕೀಳು ಮೊದಲು!" ಕಪನಯ್ಯ ಪಂಚೆ ಎತ್ತಿಕೊಂಡು ಓಡಿಬಂದರು.

"ತಮ್ಮದೇ ಅಪ್ಪಣೆ ಸಾರ್. ಗೋಡೆ ತುಂಬ ಕಸ ಇದೆ."

"ಕಸ ಅಲ್ವೋ, ಇಟ್ಟಿಗೆ! ಒಳ್ಳೇ ಇಟ್ಟಿಗೆ!"

"ಮತ್ತೆ ನಮ್ಮ ಅಂಗಳದಲ್ಲಿರೋದು?"

"ಅದೂ ಇಟ್ಟಿಗೆನೇ, ಮಹಾರಾಯ!"

ನೆಂಟರೆಲ್ಲರ ಎದುರು ಮೂರು ಸಲ ಹೇಳಿಸಿ, ಬೋರ್ಡು ಕಿತ್ತು, ಊಟಕ್ಕೆ ಕುಳಿತೆ.

ಹಸು ಓದಿತು ಅಂದದ್ದೊಂದು ಮಾತ್ರ ನನ್ನ ಕೈಯಿಂದ ಸೇರಿಸಿದ್ದು. ನಿಜಕ್ಕೂ ಓದಿ ಹಿಂದಕ್ಕೆ ಹೊರಟವರು ಕಪನಯ್ಯನವರ ಅತ್ತೆ.