ಕೆನೆ ಕದಡದ ಗಡಿಗೆ

ನೀಲವ್ವನ ಮನೆಯ ಮೊಸರಿನ ಗಡಿಗೆಗೆ ತನ್ನ ದಪ್ಪ ಕೆನೆಯ ಮೇಲೆ ಎಲ್ಲಿಲ್ಲದ ಅಭಿಮಾನ. ಓಣಿಯಲ್ಲಿ ಮದುವೆಯಾಗಿ, ಎಲ್ಲರ ಮನೆಯ ಮೊಸರೂ ಮಜ್ಜಿಗೆಗೆ ಖರ್ಚಾಗಿತ್ತು. ನೀಲವ್ವ ತವರಿಗೆ ಹೋಗಿದ್ದರಿಂದ ಇದೊಂದು ಗಡಿಗೆ ಮಾತ್ರ ತುಂಬಿತ್ತು. ಸಂಜೆ ಪಕ್ಕದ ಮನೆಯ ಕುಡಿಕೆ ಬೆಚ್ಚನೆಯ ಹಾಲು ತುಂಬಿಕೊಂಡು ಬಂದಿತು.

“ಅಕ್ಕಾ, ಒಂದು ಚಮಚ ಹೆಪ್ಪು ಕೊಡು. ಬೆಳಗಾಗುವಷ್ಟರಲ್ಲಿ ನಾನೂ ಮೊಸರಾಗುತ್ತೇನೆ. ಆಮೇಲೆ ಓಣಿಯವರಿಗೆಲ್ಲ ನಾನೇ ಕೊಡುತ್ತೇನೆ.”

ಗಡಿಗೆ ತನ್ನ ಕೆನೆಯನ್ನು ನೋಡಿಕೊಂಡಿತು. ಚಮಚ ಇಳಿದರೆ ಅದು ಕದಡಿಹೋಗುತ್ತದಲ್ಲ!

“ಇವತ್ತು ಬೇಡ ತಂಗಿ, ನಾಳೆ ನೋಡೋಣ,” ಎಂದಿತು.

ಕುಡಿಕೆಯ ಹಾಲು ಬೆಳಗಾಗುವಷ್ಟರಲ್ಲಿ ಒಡೆದುಹೋಯಿತು. ಗಡಿಗೆಯ ಮೊಸರು ಕೆನೆ ಕದಡದೆ ಕುಳಿತಲ್ಲೇ ಹುಳಿಯಾಯಿತು, ಬೂಷ್ಟು ಹಿಡಿಯಿತು. ಊರಿಂದ ಬಂದ ನೀಲವ್ವ ಮೂಗು ಮುಚ್ಚಿಕೊಂಡು ಅದನ್ನು ತಿಪ್ಪೆಗೆ ಸುರಿದಳು. ಗಡಿಗೆ ತೊಳೆದು, ಕಾಸಿದ ಹಾಲು ಹೊಯ್ದಳು. ಈಗ ಗಡಿಗೆಗೇ ಹೆಪ್ಪು ಬೇಕಾಯಿತು. ನಾಚಿಕೆ ಬಿಟ್ಟು ಕುಡಿಕೆಯ ಬಾಗಿಲಿಗೆ ಹೋಗಿ ಕೇಳಿತು.

“ಇದ್ದಿದ್ದರೆ ಕೊಡದೆ ಇರುತ್ತಿದ್ದೆನೇ ಅಕ್ಕಾ?” ಎಂದಿತು ಕುಡಿಕೆ. “ಅವತ್ತು ನೀನು ಒಂದು ಚಮಚ ಕೊಟ್ಟಿದ್ದರೆ, ಇವತ್ತು ಯಾವ ಮನೆಯ ಕದ ತಟ್ಟಿದರೂ ನಿನ್ನ ಮೊಸರೇ ಸಿಗುತ್ತಿತ್ತು.”

ಆದರೂ ಗಡಿಗೆ ಓಣಿಯ ಕದಗಳನ್ನೆಲ್ಲ ತಟ್ಟುತ್ತ ಹೋಯಿತು. ಎಲ್ಲ ಮನೆಯಲ್ಲೂ ಹಾಲಿತ್ತು, ಎಲ್ಲೂ ಹೆಪ್ಪಿರಲಿಲ್ಲ. ಕೊನೆಯ ಕದವೂ ಮುಚ್ಚಿಕೊಂಡಾಗ ಅದರ ಹೊಟ್ಟೆಯೊಳಗಿನ ಹಾಲು ಹೆಪ್ಪಿಗೆ ಸರಿಯಾದ ಹದಕ್ಕೆ ಬಂದು, ಮೆಲ್ಲಗೆ ಆರತೊಡಗಿತ್ತು.