ಪಿಯಾನೊ ಸುಮ್ಮನಾಗುವ ಜಾಗ

“ಗುರುಗಳೇ, ನೀವು ನಡೆದ ಹಾಗೆಯೇ ನಡೆದರೆ ನನಗೆ ಸಾಲದೇ?” ಎಂದು ಮರುಳಯ್ಯ ಕೇಳಿದ.

ಗುರುಗಳು ಹೇಳಿದರು:

ದಂಡಿನ ಪೇಟೆಯ ಹೋಟೆಲೊಂದರಲ್ಲಿ ಒಬ್ಬರು ಪಿಯಾನೊ ಮೇಷ್ಟ್ರು ಇದ್ದರು. ನುಡಿಸುತ್ತಿದ್ದದ್ದು ಜಾಝ್. ಆ ಸಂಗೀತದಲ್ಲಿ ಮೊದಲೇ ಕಟ್ಟಿಟ್ಟದ್ದು ಸ್ವಲ್ಪ. ಮಿಕ್ಕದ್ದು ನುಡಿಸುವವನ ಕೈಯಲ್ಲಿ ಆಗಿಂದಾಗ ಹುಟ್ಟಬೇಕು. ಮೇಷ್ಟ್ರೇ ಕಟ್ಟಿದ ಒಂದು ಹಾಡಿಗೆ ಜನ ಹುಡುಕಿಕೊಂಡು ಬರುತ್ತಿದ್ದರು. ಅದರ ನಡುವೆ ಒಂದು ಕಡೆ ಅವರು ಎರಡೂ ಕೈ ಎತ್ತಿಬಿಡುತ್ತಿದ್ದರು. ಡ್ರಮ್ಮು ಮಾತ್ರ ನಡೆಯುತ್ತಿತ್ತು. ಆಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದರು. ಜನ ಅದಕ್ಕೇ ತಲೆದೂಗುತ್ತಿದ್ದರು.

ಮೇಷ್ಟ್ರ ಬೆರಳಿಗೆ ನಡುಕ ಬಂತು. ಹೋಟೆಲಿನ ಸಾಹುಕಾರ ಅವರ ಶಿಷ್ಯ ಇನ್ನಾಸಪ್ಪನನ್ನು ಕರೆಸಿದ. ಮೇಷ್ಟ್ರ ಹಾಗೆ ನುಡಿಸಿದರೆ ಇರು, ಇಲ್ಲದಿದ್ದರೆ ಪಿಯಾನೊ ಮಾರಿ ಆ ಜಾಗಕ್ಕೆ ಊಟದ ಮೇಜು ಹಾಕಿಸುತ್ತೇನೆ ಎಂದ. ಇನ್ನಾಸಪ್ಪನಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ.

ಆ ಸಂಜೆ ಪಿಯಾನೊ ಮುಂದೆ ಕುಳಿತ. ಸಾಹುಕಾರ ಎದುರಿಗೇ ಕುರ್ಚಿ ಹಾಕಿಸಿಕೊಂಡಿದ್ದ. ಹಾಡು ಶುರುವಾಯಿತು. ಒಂದು ಸ್ವರವೂ ಆಚೀಚೆ ಆಗಲಿಲ್ಲ. ಆ ಜಾಗ ಬಂತು. ಇನ್ನಾಸಪ್ಪ ಕೈ ಎತ್ತಿದ, ಮೇಷ್ಟ್ರ ಹಾಗೆಯೇ ಮತ್ತೆ ಸೇರಿಕೊಂಡ.

“ಥೇಟ್ ಮುದುಕನೇ ಕಣಯ್ಯ” ಎಂದ ಸಾಹುಕಾರ. ಜನ ನಕ್ಕು ಚಪ್ಪಾಳೆ ತಟ್ಟಿದರು. ಇನ್ನಾಸಪ್ಪನಿಗೆ ಹೋದ ಜೀವ ಬಂದಂತಾಯಿತು.

ಹಿಂದೆ ಕುಳಿತಿದ್ದ ಮೇಷ್ಟ್ರು ಎದ್ದು ಬಂದರು. ಬೆನ್ನು ತಟ್ಟುತ್ತಾರೆ ಎಂದುಕೊಂಡು ಅವನು ನುಡಿಸುತ್ತಲೇ ತಲೆ ಬಗ್ಗಿಸಿದ.

“ಅಲ್ಲಿ ಯಾಕೋ ಕೈ ಎತ್ತಿದೆ?”

“ನೀವು ಎತ್ತುತ್ತಿದ್ದಿರಲ್ಲ, ಮೇಷ್ಟ್ರೇ.”

“ಅಲ್ಲಿ ನನ್ನ ಹೆಂಡತಿ ಹಾಡುತ್ತಿದ್ದಳು. ಅವಳು ಹೋದ ಮೇಲೆ ಏನು ನುಡಿಸಬೇಕೋ ನನಗೆ ತಿಳಿಯಲಿಲ್ಲ. ನಿನ್ನ ಮನೆಯಲ್ಲಿ ಯಾರು ಸತ್ತಿದ್ದಾರೆ?”

ಅಷ್ಟು ಹೇಳಿ ಹೋಗಿ ಕುಳಿತರು. ಹಾಡು ಒಂದು ಸುತ್ತು ಮುಗಿಸಿ ಮತ್ತೆ ಆ ಜಾಗದ ಹತ್ತಿರ ಬರುತ್ತಿತ್ತು. ಡ್ರಮ್ಮಿನವನು ನಿಲ್ಲಿಸುವವನಲ್ಲ. ಕೈ ಎತ್ತಿದರೆ ಕೆಲಸ ಉಳಿಯುತ್ತದೆ. ಎತ್ತದಿದ್ದರೆ ಸಾಹುಕಾರ ಏನೆನ್ನುತ್ತಾನೋ. ಇನ್ನಾಸಪ್ಪ ಮೇಷ್ಟ್ರ ಮುಖ ನೋಡಿದ. ಅವರು ಕಿಟಕಿಯ ಕಡೆ ತಿರುಗಿದ್ದರು. ಜಾಗ ಬಂತು. ಅವನು ಕೈ ಎತ್ತಲಿಲ್ಲ.

ಗುರುಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರುಳಯ್ಯ ತಡೆಯಲಾರದೆ, ಅಲ್ಲಿ ಅವನು ಏನು ನುಡಿಸಿದ ಗುರುಗಳೇ, ಎಂದು ಕೇಳಿದ.

“ಅದನ್ನೂ ನನ್ನನ್ನೇ ಕೇಳುತ್ತೀಯಾ?” ಎಂದರು ಗುರುಗಳು.