ಯಾರೂ ಬಿಚ್ಚದ ಸೆರಗಿನ ಗಂಟು

ಒಂದಾನೊಂದು ಊರಿನಲ್ಲಿ, ಕೇಳಿ, ಒಂದು ವಿಮಾನ ನಿಲ್ದಾಣ ಇತ್ತು. ಅದರ ಬಾಗಿಲಿಗೆ ಒಬ್ಬ ಕಾವಲುಗಾರ. ಒಂದು ಸಲ ರಾಜನ ಬೂಟಿನೊಳಗೆ ಒಂದು ಇರುವೆ ಟಿಕೆಟ್ ಇಲ್ಲದೆ ಹಾರಿ ಬಂದಿತ್ತು. ಅವತ್ತೇ ರಾಜ ಹುಕುಂ ಮಾಡಿದ: "ಒಳಗೇನಿದೆ ಅಂತ ಗೊತ್ತಿಲ್ಲದ ಯಾವುದೂ ಬಾಗಿಲು ದಾಟಕೂಡದು."

ಕಾವಲುಗಾರ ತೆಂಗಿನಕಾಯಿ ಒಡೆಸಿದ. ಮೊಟ್ಟೆ ಒಡೆಸಿದ. ಆಕಳಿಸುವವರ ಬಾಯಿಗೆ ದೀಪ ಹಿಡಿದ. ಜನ ಬೈದರು. ಸಾಲು ಮಾತ್ರ ಬಿಡಲಿಲ್ಲ.

ಒಂದು ದಿನ ಕೆಂಚಯ್ಯ ಬಂದ. ಹೆಂಡತಿ ಸಾಕಮ್ಮ ತೀರಿಕೊಂಡು ನಲವತ್ತು ದಿನ. ಅವನ ಚೀಲದಲ್ಲಿ ಅವಳ ಸೀರೆ. ಸೆರಗಿನ ತುದಿಯಲ್ಲಿ ಒಂದು ಗಂಟು.

ಮರೆಯಬಾರದ್ದು ಏನಾದರೂ ಇದ್ದರೆ ಸಾಕಮ್ಮ ಸೆರಗಿಗೆ ಗಂಟು ಹಾಕುತ್ತಿದ್ದಳು. ಕೆಲಸ ಆದ ಮೇಲೆ ಬಿಚ್ಚುತ್ತಿದ್ದಳು. ಇದನ್ನು ಬಿಚ್ಚಿರಲಿಲ್ಲ. ಯಾತಕ್ಕೆ ಹಾಕಿದ್ದಳೋ ಕೆಂಚಯ್ಯನಿಗೆ ಗೊತ್ತಿಲ್ಲ. ಸಮುದ್ರದಾಚೆ ಅವಳ ಅಕ್ಕ ಇದ್ದಳು. ಅವಳಿಗೆ ಗೊತ್ತಿರಬಹುದು ಅಂತ ಹೊರಟಿದ್ದ.

ತಪಾಸಣೆಯ ಯಂತ್ರ ಸೀರೆ ನುಂಗಿತು. ಕೆಮ್ಮಿತು. "ಗಂಟಿನೊಳಗೆ ಸಾಮಾನು ಏನೂ ಇಲ್ಲ ಸ್ವಾಮಿ. ಒಂದು ನೆನಪಿದೆ. ಯಾವುದು ಅಂತ ಕಾಣ್ತಿಲ್ಲ."

"ಬಿಚ್ಚಯ್ಯ," ಅಂದ ಕಾವಲುಗಾರ.

"ನಾನು ಹಾಕಿದ್ದಲ್ಲ. ಬಿಚ್ಚಿದರೆ ಅವಳು ಮರೀತಾಳೆ."

"ನಾನೇ ಬಿಚ್ತೀನಿ, ಕೊಡು."

"ನೋಡಪ್ಪ. ಮುಟ್ಟು, ತೂಗು, ಮೂಸು. ಅದು ನಿನ್ನ ಕೆಲಸ. ಬಿಚ್ಚೋದು ನಿನ್ನದಲ್ಲ. ಹಾಕಿದವರದು."

ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೂಗಿದಳು: "ಗಂಟೆಲ್ಲಾ ಬಿಚ್ಚೋದಾದ್ರೆ ನಿನ್ನ ಚಡ್ಡಿ ಲಾಡಿಯಿಂದ್ಲೇ ಶುರು ಮಾಡೋ!"

ಕಾವಲುಗಾರ ಲಾಡಿ ಹಿಡಿದುಕೊಂಡು ರಾಜನ ಹತ್ತಿರ ಓಡಿದ.

ರಾಜ ಬಂದ. ಗಂಟು ನೋಡಿದ. ಮೂರು ಗಳಿಗೆ ಯೋಚಿಸಿದ. "ಹಾಕಿದವಳೇ ಬಿಚ್ಚಲಿ. ಅವಳನ್ನು ಕರೆಸು."

ಕೆಂಚಯ್ಯ ತಲೆ ಎತ್ತಿದ. "ಕರೆಸ್ತೀರಾ ಬುದ್ಧಿ?"

"ಈ ಬಾಗಿಲಿಗೆ ಯಾರನ್ನು ಬೇಕಾದರೂ ಕರೆಸುವ ಅಧಿಕಾರ ನಮಗಿದೆ."

ಕೆಂಚಯ್ಯ ಬೆಂಚಿನ ಮೇಲೆ ಕೂತ. ಕೂದಲು ಸರಿಮಾಡಿಕೊಂಡ. ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟ.

ಕಾವಲುಗಾರ ಮೈಕಿನಲ್ಲಿ ಕೂಗಿದ: "ಪ್ರಯಾಣಿಕರ ಗಮನಕ್ಕೆ. ಸಾಕಮ್ಮನವರು ಎಲ್ಲಿದ್ದರೂ ಬಾಗಿಲಿಗೆ ಬರಬೇಕು."

ಮೂರು ಸಲ ಕೂಗಿದ. ವಿಮಾನ ಕಾದಿತು. ಸಾಲು ಹಿಂತಿರುಗಿ ನೋಡಿತು. ಯಂತ್ರ ಉಸಿರು ಹಿಡಿಯಿತು. ಯಾರೂ ಬರಲಿಲ್ಲ.

ರಾಜ ನೆಲ ನೋಡಿದ. "ಬಿಡು. ನಮ್ಮ ಹುಕುಂ ಅಲ್ಲಿಯ ತನಕ ಹೋಗಲ್ಲ. ಹೋಗದ ಮೇಲೆ ಗಂಟು ನಮ್ಮದಲ್ಲ."

ಕಾವಲುಗಾರ ಟೋಪಿ ತೆಗೆದ. "ಹೋಗಿ ಯಜಮಾನ್ರೇ."

"ಇನ್ನೊಂದು ಸಲ ಕೂಗಿ ನೋಡಪ್ಪ," ಅಂದ ಕೆಂಚಯ್ಯ.

ಕೂಗಿದ.

ಆಮೇಲೆ ಕೆಂಚಯ್ಯ ಸೀರೆ ಮಡಚಿಕೊಂಡು ಬಾಗಿಲು ದಾಟಿದ. ಗಂಟು ಹಾಗೇ ಇತ್ತು.

ಅವತ್ತಿನಿಂದ ಆ ಊರಿನಲ್ಲಿ ತೆಂಗಿನಕಾಯಿಗಳು ಇಡಿಯಾಗಿಯೇ ಹಾರುತ್ತವೆ. ಕಾವಲುಗಾರನ ಕೈ ಇಷ್ಟೇ ಉದ್ದ ಅಂತ ತಿಳಿದು ಜನಕ್ಕೆಲ್ಲ ಸಂತೋಷ. ಇನ್ನೂ ಉದ್ದ ಇರಬೇಕಿತ್ತು ಅಂತ ಅನ್ನಿಸಿದ್ದು ಕೆಂಚಯ್ಯನಿಗೆ ಒಬ್ಬನಿಗೇ.

ಬೂಟು ಕೊಡವಿ ಹಾಕಿಕೊಳ್ಳಿ, ಅದೇ ನೀತಿ. ಕತೆ ಬಾಗಿಲು ದಾಟಿತು, ನಾನು ಈಚೆ ಉಳಿದೆ.